ನಿಂತರೆ ಆರುವ ದೀಪ

ಗುಂಯ್ ಎನ್ನುವ ಒಂದು ಸದ್ದು. ಡೈನಮೋದ ಪುಟ್ಟ ಗಾಲಿ ಸೈಕಲ್ಲಿನ ಟೈರಿಗೆ ಉಜ್ಜಿಕೊಂಡು ಹೊರಡಿಸುತ್ತಿದ್ದ ಸದ್ದು ಅದು. ಜೋರಾಗಿ ತುಳಿದರೆ ಜೇನುಹುಳದ ಹಾಗೆ, ನಿಧಾನವಾದರೆ ಜ್ವರ ಬಂದವರ ಹಾಗೆ ನರಳುತ್ತಿತ್ತು. ಅದು ಕೇಳಿಸುವ ತನಕ ನನಗೆ ಧೈರ್ಯ. ನಿಂತಿತೋ, ಮುಂದಿನ ಬೆಳಕೂ ಇಲ್ಲ, ಒಳಗಿನ ಧೈರ್ಯವೂ ಇಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ವಯಸ್ಕರ ಶಿಕ್ಷಣದ ಸೂಪರ್‌ವೈಸರ್ ಆಗಿ ನಾನು ಶೆಟ್ಟಿಕೆರೆಯಲ್ಲಿ ರೂಮು ಮಾಡಿಕೊಂಡಿದ್ದೆ. ಸುತ್ತಲಿನ ಹಳ್ಳಿಗಳಲ್ಲಿ ರಾತ್ರಿ ಶಾಲೆಗಳು. ದನ ಕಟ್ಟಿ, ಮುದ್ದೆ ತಿರುವಿ, ಮಕ್ಕಳಿಗೆ ಉಣಿಸಿ ಆದಮೇಲೆ ಜನ ಸ್ಲೇಟು ಹಿಡಿದು ಬಂದು ಕೂರುತ್ತಿದ್ದರು. ಹೇಳದೆ ಕೇಳದೆ ಹೋಗಿ, ಶಾಲೆ ನಿಜವಾಗಿಯೂ ನಡೆಯುತ್ತಿದೆಯೇ ಎಂದು ಕಣ್ಣಾರೆ ನೋಡಿ ಬರುವುದು ನನ್ನ ಡ್ಯೂಟಿ. ಹೋಗುವಾಗ ಇನ್ನೂ ಬೆಳಕಿರುತ್ತಿತ್ತು. ಬರುವಾಗ ಬಸ್ಸೂ ಇಲ್ಲ, ಬೆಳಕೂ ಇಲ್ಲ. ಇದ್ದದ್ದು ಸೈಕಲ್ಲು, ಅದೂ ಕಾನ್ವೆಂಟಿನ ಕಾಂಪೌಂಡಿನೊಳಗೆ, ಸಿಸ್ಟರ್‌ಗಳ ಕಣ್ಣೆದುರಿಗೆ, ಗುಲಾಬಿ ಗಿಡಗಳ ಸುತ್ತ ಕಲಿತ ಸೈಕಲ್ಲು. ಐ ವಾಸ್ ನೆವರ್ ಎ ಬ್ರೇವ್ ಗರ್ಲ್.

ನಾನಿಲ್ಲಿ ಹೇಳುವುದು ಒಂದು ಹಳ್ಳಿಯ ದಾರಿಯ ಮಾತು. ನನ್ನ ಸರ್ಕಲ್ಲಿನಲ್ಲಿ ಹೆಂಗಸರಿಗೆಂದೇ ಇದ್ದ ಒಂದೇ ಒಂದು ಕೇಂದ್ರ ಆ ಹಳ್ಳಿಯಲ್ಲಿತ್ತು. ರಸ್ತೆಯಿಂದ ಕೆರೆ ಏರಿ, ಏರಿ ಇಳಿದರೆ ತೆಂಗಿನ ತೋಟಗಳು, ತೋಟಗಳು ಮುಗಿದರೆ ಊರು. ಅಲ್ಲಿನ ಶಿಕ್ಷಕಿ ಎಸ್ಸೆಸ್ಸೆಲ್ಸಿ ಮುಗಿಸಿ ಆ ಊರಿಗೆ ಸೊಸೆಯಾಗಿ ಬಂದ ಹುಡುಗಿ. ಅತ್ತೆಯ ಮನೆಯ ಪಡಸಾಲೆಯಲ್ಲೇ ಪಾಠ. ಅತ್ತೆಯೂ ಮೂಲೆಯಲ್ಲಿ ಕೂತು, ಯಾರೂ ನೋಡದಾಗ ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತಿದ್ದರು.

ಮೊದಮೊದಲು ನಾನು ಆರಿಸಿಕೊಂಡ ಲೈಟು ಚಂದ್ರ. ಕ್ಯಾಲೆಂಡರಿನಲ್ಲಿ ಹುಣ್ಣಿಮೆ ನೋಡಿ ಅದರ ಹಿಂದುಮುಂದಿನ ದಿನಗಳಿಗೆ ವಿಸಿಟ್ ಹಾಕಿಕೊಳ್ಳುತ್ತಿದ್ದೆ. ಏರಿಯ ಮೇಲೆ ಬೆಳದಿಂಗಳು ಹಾಲು ಚೆಲ್ಲಿದಂತೆ ಚೆನ್ನಾಗಿರುತ್ತಿತ್ತು. ತೋಟದೊಳಗೆ ಬೇರೆಯೇ. ಗರಿಗಳ ಸಂದಿಯಿಂದ ಬಿದ್ದ ಬೆಳಕು ನೆಲದ ತುಂಬ ಪಟ್ಟೆ ಪಟ್ಟೆಯಾಗಿ ಅಲ್ಲಾಡುತ್ತಿತ್ತು, ಪ್ರತಿಯೊಂದು ಪಟ್ಟೆಯೂ ನನ್ನ ಕಣ್ಣಿಗೆ ಹಾವು. ಎಲ್ಲೋ ಒಂದು ಕಾಯಿ ಧೊಪ್ಪೆಂದು ಬಿದ್ದರೆ ಎದೆಯೇ ಬಿದ್ದ ಹಾಗಾಗುತ್ತಿತ್ತು. ಆದರೂ ಕತ್ತಲಿಗಿಂತ ವಾಸಿ.

ಗಂಡಸರ ಕೇಂದ್ರಗಳ ಮೇಷ್ಟ್ರುಗಳು ಇದನ್ನು ಬೇಗ ಪತ್ತೆ ಹಚ್ಚಿದರು. ನನಗೆ ಹುಣ್ಣಿಮೆ ಮೇಡಂ ಎಂದು ಹೆಸರಿಟ್ಟು, ಹುಣ್ಣಿಮೆ ಹತ್ತಿರವಾದಾಗ ಮಾತ್ರ ಲಾಟೀನಿನ ಗಾಜು ಒರೆಸುತ್ತಿದ್ದರಂತೆ. ಸುದ್ದಿ ನಮ್ಮ ಮೇಲಧಿಕಾರಿಯ ಕಿವಿಗೂ ಬಿತ್ತು. ತಿಪಟೂರಿನ ಮೀಟಿಂಗಿನಲ್ಲಿ ಎಲ್ಲರೆದುರಿಗೆ ಕೇಳಿದರು.

"ಏನ್ ಮೇಡಂ, ಅಮಾವಾಸ್ಯೆ ದಿನ ನಿಮ್ಮ ಕಡೆ ಯಾರೂ ಓದೋದೇ ಇಲ್ವಾ?"

ಹಿಂದಿನ ಬೆಂಚಿನಲ್ಲಿ ನಗು. ಅವರು ನಗಲಿಲ್ಲ. "ತೋಟದಾಚೆಯ ಆ ಹೆಂಗಸರ ಕೇಂದ್ರಕ್ಕೆ ಕತ್ತಲ ದಿನದ ವಿಸಿಟ್ ಒಂದೂ ಇಲ್ಲ. ನೀವು ಹೋಗಿ ನೋಡಿ ಬರೆದು ಕೊಡ್ತಾ ಇದ್ರೆ ಸರಿ. ಇಲ್ದಿದ್ರೆ ಅದನ್ನ ಪಕ್ಕದೂರಿನ ಗಂಡಸರ ಕೇಂದ್ರಕ್ಕೆ ಸೇರಿಸಿಬಿಡ್ತೀನಿ. ನನಗೂ ಮೇಲಿನವರು ಕೇಳ್ತಾರೆ."

ಪಕ್ಕದೂರಿನ ಕೇಂದ್ರ ನಡೆಯುತ್ತಿದ್ದುದು ಅರಳಿಕಟ್ಟೆಯ ಮೇಲೆ, ಬೀಡಿಯ ಹೊಗೆಯ ನಡುವೆ. ಸೇರಿಸುವುದೆಂದರೆ ಮುಚ್ಚುವುದು. ಆ ಊರಿನ ಒಬ್ಬ ಹೆಂಗಸೂ ಅಲ್ಲಿಗೆ ಹೋಗಲಾರಳು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಕತ್ತಲಲ್ಲಿ ಆ ತೋಟ ದಾಟಬೇಕು, ಇಲ್ಲವೇ ಆ ಪಡಸಾಲೆಯ ಶಾಲೆ ಮುಗಿಯಿತು.

ಹಾಗೆ ಶುರುವಾಯಿತು ನನ್ನ ಲೈಟಿನ ಬೇಟೆ.

ಮೊದಲು ಲಾಟೀನು. ಹ್ಯಾಂಡಲ್ಲಿಗೆ ನೇತುಹಾಕಿ ಶೆಟ್ಟಿಕೆರೆಯ ರಸ್ತೆಯಲ್ಲೇ ಟ್ರಯಲ್ ನೋಡಿದೆ. ಅದು ತೂಗಾಡಿ ಮಂಡಿಗೆ ಬಡಿಯುತ್ತಿತ್ತು. ಗಾಜು ಕಾದು ಸೀರೆ ಸುಡುತ್ತದೆಂಬ ಭಯ. ಹಳ್ಳ ಸಿಕ್ಕಿದರೆ ಬತ್ತಿ ಪಟಪಟಿಸಿ ಹೊಗೆ. ಎಲ್ಲಕ್ಕಿಂತ ಹೆಚ್ಚಾಗಿ, ಅದರ ಬೆಳಕು ಬೀಳುತ್ತಿದ್ದುದು ನನ್ನ ಮೇಲೆಯೇ. ನನ್ನ ಕೈ, ನನ್ನ ಬಳೆ, ನನ್ನ ನೆರಿಗೆ, ಎಲ್ಲ ಸ್ಪಷ್ಟ. ರಸ್ತೆ ಮಾತ್ರ ಕಾಣದು. ಯೂಸ್‌ಲೆಸ್ ಎಂದು ಇಳಿಸಿಟ್ಟೆ.

ಆಮೇಲೆ ಮೂರು ಸೆಲ್ಲಿನ ಟಾರ್ಚು. ಹಳೆಯ ಟ್ಯೂಬನ್ನು ಪಟ್ಟಿ ಕತ್ತರಿಸಿ ಹ್ಯಾಂಡಲ್ಲಿಗೆ ಬಿಗಿದೆ. ಮುಂದೆ ತಟ್ಟೆಯಗಲದ ಒಂದು ಬೆಳಕು, ಅದರ ಸುತ್ತ ಮೊದಲಿಗಿಂತ ದಪ್ಪ ಕತ್ತಲು. ಗುಂಡಿಗೆ ಚಕ್ರ ಬಿದ್ದಾಗೆಲ್ಲ ಒಳಗಿನ ಸ್ಪ್ರಿಂಗು ಅಲುಗಿ ಆರುವುದು, ಗುದ್ದಿದರೆ ಹತ್ತುವುದು. ಮಳೆಗೆ ಒಂದೆರಡು ಸಲ ನೆನೆದದ್ದೇ ಸೆಲ್ಲುಗಳು ಒಡೆದು ಒಳಗೆಲ್ಲ ಬಿಳಿ ಬೂಷ್ಟು.

ಕೊನೆಗೆ ತಿಪಟೂರಿನ ಒಂದು ಸೈಕಲ್ ಶಾಪಿಗೆ ಹೋದೆ. ಅಂಗಡಿಯ ಸಾಬರು ಒಂದು ಡೈನಮೋವನ್ನು ಅಂಗಿಯ ತುದಿಯಿಂದ ಒರೆಸಿ ಮಗುವನ್ನು ತೋರಿಸುವ ಹಾಗೆ ತೋರಿಸಿದರು.

"ಪಕ್ಕಾ ಮಾಲು ಮೇಡಂ. ಬ್ಯಾಟ್ರಿ ಬ್ಯಾಡ, ಸೀಮೆಎಣ್ಣೆ ಬ್ಯಾಡ. ನೀವ್ ತುಳೀರಿ, ಅದು ಉರೀತದೆ. ಅಷ್ಟೇ."

"ನಿಂತರೆ?"

"ನಿಂತ್ರೆ ಯಾಕ್ ಮೇಡಂ? ಸೈಕಲ್ ಇರೋದು ಓಡ್ಸಾಕೆ. ನಿಂತ್ಕೊಳಾಕೆ ಬಸ್ ಸ್ಟ್ಯಾಂಡ್ ಐತೆ."

ನಾನೂ ನಕ್ಕೆ. ಮುಂದಿನ ಫೋರ್ಕಿಗೆ ಡೈನಮೋ, ಹ್ಯಾಂಡಲ್ಲಿನ ಕೆಳಗೆ ಲ್ಯಾಂಪು, ನಡುವೆ ಒಂದೇ ವೈರು. ಇನ್ನೊಂದು ವೈರಿನ ಕೆಲಸವನ್ನು ಸೈಕಲ್ಲಿನ ಕಬ್ಬಿಣವೇ ಮಾಡುತ್ತದೆಂದು ಕ್ಲಿಪ್ಪು ಕೂರುವ ಕಡೆ ಪೇಂಟನ್ನು ಕೆರೆದರು. ಒಂದು ಚಿಕ್ಕ ಲಿವರ್ ಒತ್ತಿದರೆ ಡೈನಮೋ ಟೈರಿಗೆ ವಾಲಿಕೊಳ್ಳುತ್ತಿತ್ತು. ಬಜಾರಿನಲ್ಲಿ ಒಂದು ರೌಂಡು ಹೊಡೆದೆ. ಹಗಲಲ್ಲೇ ಬಲ್ಬು ಹಳದಿಯಾಗಿ ಹೊಳೆಯಿತು. ಐ ಫೆಲ್ಟ್ ಲೈಕ್ ಎ ಕ್ವೀನ್.

ರಾಣಿಯ ರಾಜ್ಯಭಾರ ಮೊದಲ ಕತ್ತಲ ದಿನವೇ ಮುಗಿಯಿತು.

ಪಾಠ ಮುಗಿಸಿ ಊರು ಬಿಟ್ಟಾಗ ಡೈನಮೋ ಚೆನ್ನಾಗಿಯೇ ಹಾಡುತ್ತಿತ್ತು. ತೋಟದೊಳಗೆ ಹೊಕ್ಕೊಡನೆ ದಾರಿ ಸಡಿಲ ಮಣ್ಣು, ಚಕ್ರ ಹೂತುಕೊಳ್ಳುವುದು, ಸ್ಪೀಡು ಇಳಿಯುವುದು. ಸ್ಪೀಡು ಇಳಿದರೆ ಬೆಳಕೂ ಇಳಿಯುತ್ತಿತ್ತು. ಎಲ್ಲಿ ಕಣ್ಣು ಹೆಚ್ಚು ಬೇಕೋ ಅಲ್ಲಿಯೇ ದೀಪ ಕೆಂಡದಷ್ಟು ಕೆಂಪಗಾಗುತ್ತಿತ್ತು. ಬಲಗಡೆಯ ಮರಗಳ ನಡುವೆ ಒಣಗರಿ ತುಳಿದ ಸದ್ದು. ನಾಯಿಯಿರಬಹುದು. ಇನ್ನೊಮ್ಮೆ ಸದ್ದು. ನಾಯಿ ಇಷ್ಟು ಎಚ್ಚರದಿಂದ ಹೆಜ್ಜೆಯಿಡುವುದಿಲ್ಲ.

"ಯಾರ್ಲಾ ಅದು?"

ಗಂಡು ಧ್ವನಿ. ನನ್ನ ಎರಡು ಕೈಗಳೂ ತಾವಾಗಿಯೇ ಬ್ರೇಕು ಹಿಡಿದವು. ಗುಂಯ್ ನಿಂತಿತು. ದೀಪ ಆರಿತು. ಕಣ್ಣಿನೊಳಗೆ ಒಂದು ಹಸಿರು ಚುಕ್ಕೆ ಉಳಿದು, ಉಳಿದದ್ದೆಲ್ಲ ಮಸಿ.

ಉತ್ತರ ಕೊಡಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದು ಬೇರೆ. ಗೊತ್ತಿಲ್ಲದ ಗಂಡಸು ಕೂಗಿದರೆ ಓಗೊಡಬಾರದು, ಧ್ವನಿ ಎತ್ತಬಾರದು. ಎ ಲೇಡಿ ಡಸ್ ನಾಟ್ ಷೌಟ್. ನಾನು ಉಸಿರು ಬಿಗಿಹಿಡಿದು, ಸೈಕಲ್ಲನ್ನು ತಳ್ಳಿಕೊಂಡು, ಚಪ್ಪಲಿಯ ಸದ್ದಾಗದಂತೆ ನಡೆದೆ. ಒಂದಿಷ್ಟು ದೂರವಾದಮೇಲೆ ಹತ್ತಿ ಜೀವ ಕೈಯಲ್ಲಿ ಹಿಡಿದು ತುಳಿದೆ. ದೀಪ ಫಳಾರೆಂದು ಹತ್ತಿತು. ಹಿಂದಿನಿಂದ ಏನೋ ಕೂಗಿದರು. ಏರಿ ಹತ್ತುವ ತನಕ ತಿರುಗಿ ನೋಡಲಿಲ್ಲ.

ಮುಂದಿನ ಕತ್ತಲಲ್ಲಿ ಮತ್ತೆ ಅದೇ. ಕೂಗು, ನನ್ನ ಬ್ರೇಕು, ಕತ್ತಲು. ಈ ಸಲ ಕೂಗಿನ ಹಿಂದೆಯೇ ಒಂದು ಕಲ್ಲು ಬಂದು ಮಡ್‌ಗಾರ್ಡಿಗೆ ಠಣ್ಣೆಂದು ಬಡಿಯಿತು. ಇನ್ನೊಂದು ಕಿವಿಯ ಪಕ್ಕದಲ್ಲಿ ಹಾದುಹೋದದ್ದು ಗಾಳಿಯಲ್ಲಿ ತಿಳಿಯಿತು. ರೂಮಿಗೆ ಬಂದು ಚಿಲಕ ಹಾಕಿ ನೆಲದ ಮೇಲೆ ಕೂತವಳು ಎಷ್ಟೋ ಹೊತ್ತು ಏಳಲಿಲ್ಲ.

ಅಧಿಕಾರಿಗೆ ಬರೆಯೋಣವೆಂದು ಕಾಗದ ತೆಗೆದೆ. ಬರೆದರೆ ಅವರೇನು ಮಾಡುತ್ತಾರೆ? ದಾರಿ ಕ್ಷೇಮವಿಲ್ಲ, ಕೇಂದ್ರವನ್ನು ಸೇರಿಸತಕ್ಕದ್ದು ಎನ್ನುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ನನ್ನ ಒಳ್ಳೆಯದಕ್ಕೇ. ಕಾಗದವನ್ನು ಮಡಿಸಿ ಒಳಗಿಟ್ಟೆ.

ಮೂರನೆಯ ಸಲ ಹೋದಾಗ ಪಾಠ ಶುರುವಾಗಿರಲಿಲ್ಲ. ಪಡಸಾಲೆಯ ತುಂಬ ಮಾತು. ತೋಟದ ಕಾವಲಿನವನ ಹೆಂಡತಿ, ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಸಭೆ ನಡೆಸುತ್ತಿದ್ದಳು.

"ಮೇಡಮ್ಮೋರೇ, ಕೇಳುದ್ರಾ? ನಮ್ ತೋಟಕ್ಕೆ ಕಾಯಿ ಕಳ್ಳ ಬಿದ್ದವ್ನೆ ಕಣ್ರೀ. ಸೈಕಲ್ನಾಗೆ ಬತ್ತಾನೆ!"

"ಸೈಕಲ್ಲಿನಲ್ಲಾ?"

"ಊಂ ಮತ್ತೆ! ಬಲೇ ಖದೀಮ. ಕತ್ಲೆ ದಿನಾನೇ ನೋಡ್ಕಂಡ್ ಬತ್ತಾನೆ. ನಮ್ಮನೇರು ಯಾರ್ಲಾ ಅಂದ್ರೆ ಸಾಕು, ಪಕ್ಕಂತ ಲೈಟ್ ಆರುಸ್ಬುಡ್ತಾನೆ. ಉಸ್ರೇ ಇಲ್ಲ! ಆಮ್ಯಾಕೆ ಒಸಿ ದೂರ್ದಾಗೆ ಅಂಟಿಸ್ಕಂಡು ಓಟ. ಒಳ್ಳೆ ಮನ್ಸ ಆಗಿದ್ರೆ ಲೈಟ್ ಯಾಕ್ ಆರುಸ್ತಾನೆ, ನೀವೇ ಹೇಳಿ."

"ಕಾಯಿ ಎಲ್ಲಿಕ್ಕಂಡ್ ಹೋಯ್ತಾನಂತೆ ಕಣೇ?" ಎಂದರು ಶಿಕ್ಷಕಿಯ ಅತ್ತೆ.

"ಕ್ಯಾರಿಯರ್ ಮ್ಯಾಲೆ ದಪ್ಪನೆ ಚೀಲ ಐತಂತೆ ಕಣತ್ತೆ."

ನನ್ನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿತ್ತು ಆ ಚೀಲ. ಒಳಗೆ ಸೀಮೆಸುಣ್ಣ ಮತ್ತು ಓದುವ ಪುಸ್ತಕಗಳು.

"ಇವತ್ತ್ ತಪ್ಪುಸ್ಕಣಾಕಾಗಲ್ಲ ಬುಡಿ," ಎಂದಳು ಅವಳು, ಮಗುವಿನ ಬೆನ್ನು ತಟ್ಟುತ್ತಾ. "ಎರಡು ಮರಕ್ಕೆ ಅಡ್ಡಕ್ಕೆ ಹಗ್ಗ ಬಿಗೀತಾರೆ. ಸೈಕಲ್ ಮ್ಯಾಲ್ ಕುಂತೋನ್ ಕತ್ತಿಗೆ ಸರ್ಯಾಗ್ ಸಿಗಂಗೆ."

ನನ್ನ ಕೈ ತಾನಾಗಿಯೇ ಕತ್ತಿಗೆ ಹೋಯಿತು. ಅದನ್ನು ನೋಡಿದವಳು ಶಿಕ್ಷಕಿ ಒಬ್ಬಳೇ. ಅವಳ ಮುಖದ ಬಣ್ಣ ಇಳಿಯಿತು.

"ಮೇಡಂ... ನಿಮ್ಮ ಸೈಕಲ್ಲಿನ ಲೈಟು..."

"ನಾನೇ ಅದು," ಎಂದೆ. "ನಾನು ಆರಿಸುವುದಿಲ್ಲ. ನಿಂತರೆ ಅದೇ ಆರುತ್ತದೆ."

ಯಾರೂ ನಗಲಿಲ್ಲ. ಕಾವಲಿನವನ ಹೆಂಡತಿ ಬಾಯಿಗೆ ಸೆರಗು ಹಿಡಿದಳು. "ಅಯ್ಯೋ ಸಿವನೇ, ಸರ್ಕಾರದೋರು ಜೀಪ್ನಾಗ್ ತಾನೆ ವಾಪಸ್ ಹೋಗೋದು ಅನ್ಕಂಡಿದ್ರಲ್ಲ ನಮ್ಮನೇರು!"

ಆ ದಿನದ ಪಾಠ ನಡೆಯಲಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡಿದರು. ಇಲ್ಲೇ ಮಲಗಿ, ಬೆಳಗ್ಗೆ ಹೋಗಿ ಎಂದರು. ಮಲಗಿದರೆ ಯಾಕೆಂದು ಊರೆಲ್ಲ ಕೇಳುತ್ತದೆ, ಈ ಶಾಲೆಯಿಂದ ತಾನೆ ಇಷ್ಟೆಲ್ಲ ಗಲಾಟೆ ಎಂದು ಹಿರಿಯರು ಬಾಗಿಲು ಹಾಕಿಸುತ್ತಾರೆ. ನಾವೇ ಜೊತೆಗೆ ಬರುತ್ತೇವೆ ಎಂದರು. ಹೆಂಗಸರು ಗುಂಪು ಕಟ್ಟಿಕೊಂಡು ಕತ್ತಲಲ್ಲಿ ತೋಟದೊಳಗೆ ಹೋದರೆ ನಾಳೆಯಿಂದ ಒಬ್ಬರ ಗಂಡನೂ ಕಳಿಸುವುದಿಲ್ಲ. ಕಾವಲಿನವನಿಗೆ ಯಾರಾದರೂ ಗಂಡಸರ ಕೈಲಿ ಹೇಳಿ ಕಳಿಸಿದರೆ ಅದೂ ಊರೆಲ್ಲ ಹಬ್ಬುತ್ತದೆ. ಎಲ್ಲ ದಾರಿಗಳೂ ಸುತ್ತಿ ಬಳಸಿ ಮುಚ್ಚಿದ ಪಡಸಾಲೆಗೇ ಬಂದು ನಿಲ್ಲುತ್ತಿದ್ದವು.

ಹುಕ್ಕಿಗೆ ನೇತುಹಾಕಿದ್ದ ಶಾಲೆಯ ಲಾಟೀನನ್ನೇ ನೋಡುತ್ತಾ ಕೂತಿದ್ದೆ. ಅದರ ಬೆಳಕು ಶಿಕ್ಷಕಿಯ ಮುಖದ ಮೇಲೆ, ಅವಳ ಸೀರೆಯ ಮೇಲೆ ಬಿದ್ದಿತ್ತು. ಇಷ್ಟು ದಿನ ನಾನು ಹುಡುಕಿದ್ದು ದಾರಿ ತೋರಿಸುವ ಲೈಟನ್ನು. ಈಗ ಬೇಕಾದದ್ದು ನನ್ನನ್ನು ತೋರಿಸುವ ಲೈಟು. ನಿಂತರೂ ಆರಬಾರದು. ಸೀರೆಯುಟ್ಟ ಹೆಂಗಸು ಎಂದು ದೂರದಿಂದಲೇ ತಿಳಿಯಬೇಕು.

"ಇದನ್ನು ಕೊಡಿ," ಎಂದೆ. "ನಡೆದುಕೊಂಡೇ ಹೋಗುತ್ತೇನೆ."

"ಬರೀ ದೀಪ ಸಾಲ್ದು," ಎಂದರು ಅತ್ತೆ. "ಕೂಗ್ಬೇಕು. ತೋಟದಾಗೆ ಹೊತ್ತು ಮುಳುಗಿದ್ ಮ್ಯಾಲೆ ಯಾರೇ ಹೋದ್ರೂ, ಇಂತಾ ಮನೆಯೋರು ಅಂತ ಕೂಗೇ ಹೋಗ್ಬೇಕು. ನಮ್ ಕಡೆ ಅದೇ ಪದ್ಧತಿ. ಕೂಗ್ದಿದ್ದೋನು ಕಳ್ಳ."

ಇಂಥ ಒಂದು ಪದ್ಧತಿಯಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ, ಹುಟ್ಟಿದಾಗಿನಿಂದ ಗೊತ್ತಿರುವುದನ್ನು ಯಾರು ತಾನೆ ಹೇಳುತ್ತಾರೆ? ಹೇಳಿಕೊಳ್ಳಲು ಆ ಸೀಮೆಯಲ್ಲಿ ನನಗೊಂದು ಮನೆಯೂ ಇರಲಿಲ್ಲ. ರೂಮಿಗೆ ಹೆಸರಿರುವುದಿಲ್ಲ.

ಶಿಕ್ಷಕಿ ಅತ್ತೆಯ ಮುಖ ನೋಡಿದಳು. ಅತ್ತೆ ಮೂಲೆಯಿಂದ ಎದ್ದು ಬಂದು, "ಮೇಗಲ ಮನೆಯೋರು ಅನ್ನಿ. ನಮ್ಮನೆ ಹೆಸ್ರು. ಎಲ್ಲಿ, ಒಂದ್ ಕಿತ ಕೂಗಿ," ಎಂದರು.

ನಾನು ಕೂಗಿದೆ. ಚರ್ಚಿನಲ್ಲಿ ಪ್ರೇಯರ್ ಹೇಳಿದ ಹಾಗಾಯಿತು.

"ಥೂ, ನಮ್ಮನೆ ಹೆಸ್ರನ್ನ ಇಷ್ಟ್ ಮೆತ್ತಗ್ ಹೇಳ್ತೀರಾ? ಪಕ್ಕದಾಗಿರೋ ಕೋಳಿನೂ ಏಳಾಕಿಲ್ಲ. ಹೊಟ್ಟೆಯಿಂದ ಕೂಗಿ!"

ಅಷ್ಟು ಹೆದರಿಕೆಯ ನಡುವೆಯೂ ಒಬ್ಬಳು ಕಿಸಕ್ಕೆಂದಳು. ಆಮೇಲೆ ಒಬ್ಬೊಬ್ಬರಾಗಿ, ಧ್ವನಿ ತಗ್ಗಿಸಿಕೊಂಡೇ, ಹೇಗೆ ಕೂಗಬೇಕೆಂದು ತೋರಿಸಿಕೊಟ್ಟರು. ಕೊನೆಯ ಅಕ್ಷರವನ್ನು ಎಳೆಯಬೇಕು, ಎಳೆದು ಬಿಡಬೇಕು.

ಡೈನಮೋದ ಲಿವರ್ ಮೇಲೆತ್ತಿದೆ. ಎಡಗೈಯಲ್ಲಿ ಹ್ಯಾಂಡಲ್ಲು, ಬಲಗೈಯಲ್ಲಿ ಎದೆಯ ಮಟ್ಟಕ್ಕೆ ಲಾಟೀನು. ತೋಟದ ಬಾಯಲ್ಲಿ ನಿಂತು ಕೂಗಿದೆ, "ಮೇಗಲ ಮನೆಯೋರೂ..."

ಉತ್ತರವಿಲ್ಲ. ಲಾಟೀನಿನ ಬೆಳಕು ಒಂದು ಮಾರು ದೂರ, ಆಮೇಲೆ ಏನೂ ಇಲ್ಲ. ನಾನು ಎಲ್ಲರಿಗೂ ಕಾಣುತ್ತಿದ್ದೇನೆ, ನನಗೆ ಯಾರೂ ಕಾಣುತ್ತಿಲ್ಲ. ಅದರಂಥ ಭಯವನ್ನು ನಾನು ಮುಂಚೆಯೂ ಪಟ್ಟಿರಲಿಲ್ಲ, ಆಮೇಲೆಯೂ ಪಟ್ಟಿಲ್ಲ. ಕಲ್ಲು ಬರುವುದಾದರೆ ಈಗ ಬರುತ್ತದೆ ಎಂದುಕೊಂಡೇ ಒಂದೊಂದು ಹೆಜ್ಜೆ ಇಟ್ಟೆ. ಮತ್ತೆ ಕೂಗಿದೆ. ಧ್ವನಿ ಒಡೆಯಿತು. ಮತ್ತೆ ಕೂಗಿದೆ.

"ಮೇಗಲ ಮನೆಯೋರಾ? ಈ ಹೊತ್ನಾಗಾ? ಅಲ್ಲೇ ನಿಲ್ಲಿ! ಅಲ್ಲೇ ನಿಲ್ಲಿ!"

ಓಡಿ ಬಂದ ಹೆಜ್ಜೆಗಳು. ಕಂಬಳಿ ಹೊದ್ದ ಗಂಡಸು, ಕೈಯಲ್ಲಿ ದೊಣ್ಣೆ. ನನ್ನನ್ನು ನೋಡಿದ, ಸೈಕಲ್ಲನ್ನು ನೋಡಿದ, ಕ್ಯಾರಿಯರಿನ ಚೀಲವನ್ನು ನೋಡಿದ. ನಾನು ಲಾಟೀನನ್ನು ಇನ್ನಷ್ಟು ಎತ್ತಿದೆ. ಆಗ ಕಂಡಿತು, ನಾಲ್ಕು ಹೆಜ್ಜೆ ಮುಂದೆ, ಎರಡು ಮರಗಳ ನಡುವೆ ಬಿಗಿದ ನಾರಿನ ಹಗ್ಗ. ಕತ್ತಲಿನ ಬಣ್ಣವೇ ಅದಕ್ಕೆ.

"ರಾತ್ರಿ ಶಾಲೆಯವಳು ನಾನು," ಎಂದೆ. "ಇದು ನಿಂತರೆ ಆರುವ ದೀಪ."

ಸೈಕಲ್ಲಿನ ಮುಂದಿನ ಚಕ್ರ ಎತ್ತಿ, ಲಿವರ್ ಒತ್ತಿ, ಅವನಿಗೇ ತಿರುಗಿಸಲು ಹೇಳಿದೆ. ಅವನು ದೊಣ್ಣೆ ಕೆಳಗಿಟ್ಟು, ಅಂಗೈಯಿಂದ ಚಕ್ರವನ್ನು ಜೋರಾಗಿ ತಳ್ಳಿದ. ಬಲ್ಬು ಹತ್ತಿತು, ಮಂಕಾಯಿತು, ಆರಿತು. ಇನ್ನೊಮ್ಮೆ ತಳ್ಳಿದ. ಆರಿದಮೇಲೂ ಕೈಯನ್ನು ಟೈರಿನ ಮೇಲೇ ಇಟ್ಟುಕೊಂಡಿದ್ದ.

"ನನ್ ಕೈಯಾಗೆ ಒಂದ್ ಹೆಣ್ಣ್ ಜೀವ ಹೋಗ್ಬುಡ್ತಿತ್ತಲ್ಲವ್ವಾ," ಎಂದು ಹೋಗಿ ಹಗ್ಗ ಬಿಚ್ಚತೊಡಗಿದ. ಗಂಟು ಬಿಗಿಯಾಗಿ ಕೂತಿತ್ತು. ಬೆರಳಿನಿಂದ ಆಗದೆ ಹಲ್ಲಿನಿಂದ ಎಳೆದ.

ನಾನು ಅದನ್ನೂ ವರದಿಯಲ್ಲಿ ಬರೆಯಲಿಲ್ಲ. ಕತ್ತಲ ದಿನ ಹೋಗಿದ್ದೆ, ಕೇಂದ್ರ ನಡೆಯುತ್ತಿದೆ ಎಂದಷ್ಟೇ ಬರೆದು ಕೊಟ್ಟೆ. ಅಧಿಕಾರಿ ಗುಡ್ ಎಂದರು.

ಅಲ್ಲಿಂದ ಮುಂದೆ ರಸ್ತೆಗೆ ಮತ್ತು ಏರಿಗೆ ಡೈನಮೋ, ತೋಟಕ್ಕೆ ಶಾಲೆಯ ಲಾಟೀನು. ದಾಟಿದಮೇಲೆ ಅದನ್ನು ಏರಿಯ ಬುಡದಲ್ಲಿ ಇಟ್ಟುಹೋದರೆ ಕಾವಲಿನವನು ಬೆಳಗ್ಗೆ ಪಡಸಾಲೆಗೆ ಮುಟ್ಟಿಸುತ್ತಿದ್ದ. ತೋಟದ ಬಾಯಲ್ಲಿ ಒಮ್ಮೆ, ನಡುವೆ ಒಮ್ಮೆ, ದಾಟಿ ಏರಿಯ ಮೇಲೆ ನಿಂತು ಒಮ್ಮೆ ಕೂಗುವುದು ರೂಢಿಯಾಯಿತು. ಕಾವಲಿನವನು "ಹೋಗ್ಬನ್ನಿ ಅವ್ವಾ" ಎಂದು ಎಲ್ಲಿಂದಲೋ ಓಗೊಡುತ್ತಿದ್ದ. ಭಯ ಹೋಯಿತೇ ಎಂದರೆ ಇಲ್ಲ. ಒಂದು ಸಲ ನಟ್ಟನಡುವೆ ಸೈಕಲ್ಲನ್ನು ತಳ್ಳುವಾಗ ಚೈನು ಕಳಚಿ ಹಲ್ಲುಗಳ ನಡುವೆ ಸಿಕ್ಕಿಕೊಂಡಿತು. ಲಾಟೀನನ್ನು ನೆಲಕ್ಕಿಟ್ಟು ಎಣ್ಣೆ ಮೆತ್ತಿದ ಬೆರಳಿನಿಂದ ಬಿಡಿಸುತ್ತಾ, ಅಳುತ್ತಾ, ಹೈಲ್ ಮೇರಿ ಪ್ರಾರ್ಥನೆ ಹೇಳುತ್ತಾ ಕೂತಿದ್ದೆ. ಆ ದಿನ ಏರಿ ತಲುಪಿದಾಗ ಬಹಳ ತಡವಾಗಿತ್ತು. ಆದರೂ ಕೂಗಿದೆ. ಕೂಗದೆ ರಸ್ತೆಗೆ ಇಳಿಯಲು ಮನಸ್ಸು ಬರುತ್ತಿರಲಿಲ್ಲ.

ಕೇಂದ್ರ ಮುಚ್ಚಲಿಲ್ಲ. ಯೋಜನೆ ಇರುವಷ್ಟು ಕಾಲ ನಡೆಯಿತು. ನನಗೆ ಬೇರೆ ಜಿಲ್ಲೆಗೆ ವರ್ಗವಾಯಿತು.

ಕೆಲವು ವರ್ಷಗಳ ಮೇಲೆ ಯಾವುದೋ ಕೆಲಸಕ್ಕೆ ತಿಪಟೂರಿಗೆ ಬಂದಿದ್ದೆ. ಬಸ್ ಸ್ಟ್ಯಾಂಡಿನಲ್ಲಿ "ಮೇಡಂ" ಎಂದು ಯಾರೋ ಕೈ ಹಿಡಿದರು. ಶಿಕ್ಷಕಿ. ಸೊಂಟದಲ್ಲಿ ಮಗು, ಸ್ವಲ್ಪ ದಪ್ಪವಾಗಿದ್ದಳು. ಅತ್ತೆ ಹೋಗಿಬಿಟ್ಟರೆಂದಳು. ಆ ಚೈನು ಬಿದ್ದ ದಿನ ಅತ್ತೆ ಅತ್ತೇಬಿಟ್ಟಿದ್ರು ಮೇಡಂ ಎಂದಳು.

"ಚೈನು ಬಿದ್ದದ್ದು ನಿಮಗೆ ಹೇಗೆ ಗೊತ್ತು?"

"ಮುಂದಿನ್ ಸಲ ಬಂದಾಗ ನೀವೇ ಹೇಳುದ್ರಲ್ಲ. ಆವತ್ತು ನಮಗೇನ್ ಗೊತ್ತು? ನೀವ್ ಹೊರಟ್ ಮೇಲೆ 'ಪಾಠ ಮುಗೀತು, ಹೋಗಿ' ಅಂತಿದ್ನಲ್ಲ, ಒಬ್ರೂ ಹೋಗ್ತಿರ್ಲಿಲ್ಲ ಮೇಡಂ. ದೀಪ ನಿಮ್ ಜೊತೆ ಹೋಗಿರ್ತಿತ್ತು. ಕತ್ಲಲ್ಲೇ ಜಗಲಿ ಮೇಲೆ ಉಸಿರ್ ಕಟ್ಕಂಡ್ ಕೂತಿರ್ತಿದ್ವಿ. ಒಂದ್ ಕೂಗು, ಎರಡ್ ಕೂಗು. ಏರಿ ಮೇಲಿಂದ ಮೂರ್ನೇದು ಕೇಳಿದ್ ಮೇಲೇನೇ ಎಲ್ರೂ ಎದ್ದು ಮನೆಗ್ ಹೋಗ್ತಿದ್ದಿದ್ದು."

"ಒಂದು ದಿನವೂ ಹೇಳಲಿಲ್ಲವಲ್ಲೇ."

"ಹೇಳಿದ್ರೆ, ನಾವೂ ಹೆದ್ರುತೀವಿ ಅಂತ ನಿಮಗ್ ಗೊತ್ತಾಗ್ತಿತ್ತು. ಆಮೇಲೆ ನೀವ್ ಬರ್ತಿದ್ರಾ?"

ಕಂಡಕ್ಟರು ಸೀಟಿ ಊದಿದ. ಅವಳು ಮಗುವನ್ನು ಮೊದಲು ಹತ್ತಿಸಿ, ಸೆರಗು ಬಿಗಿದುಕೊಂಡು ಹತ್ತಿದಳು. ಕಿಟಕಿಯ ಪಕ್ಕ ಸೀಟು ಸಿಗಲಿಲ್ಲವೋ ಏನೋ, ಬಸ್ಸು ತಿರುಗುವಾಗ ಜನರ ನಡುವೆ ಕಂಬಿ ಹಿಡಿದ ಅವಳ ಕೈ ಮತ್ತು ಬಳೆಗಳು ಕಂಡವು. ಅವಳನ್ನು ನಾನು ನೋಡಿದ್ದು ಅದೇ ಕೊನೆ.